ಮಖಮಲ್ಲಿನಿಂದ ಉಜ್ಜಿದ ಗಾಜು

ಅವಳು ಗಾಜು ಉಜ್ಜುತ್ತಿದ್ದಳು. ಅಂಗೈಯಗಲದ ಗಾಜು, ಕೈಯಲ್ಲಿ ಮಖಮಲ್ಲಿನ ತುಂಡು. ಮೇಲಿನಿಂದ ಕೆಳಕ್ಕೆ ಎಳೆಯಬೇಕು, ಬಟ್ಟೆ ಎತ್ತಬೇಕು, ಮತ್ತೆ ಮೇಲಿನಿಂದ ಕೆಳಕ್ಕೆ. ಅಪ್ಪಿತಪ್ಪಿಯೂ ಕೈ ಹಿಂದಕ್ಕೆ ಹೋಗಬಾರದು.

ಇವತ್ತಿನ ಪ್ರವಚನದ ಕಥೆಯನ್ನು ಇಲ್ಲಿಂದ ಶುರು ಮಾಡುತ್ತೇನೆ, ತಾಯಂದಿರೇ. ಶ್ರೀಮಂತನೆಲ್ಲಿ ಎನ್ನುತ್ತೀರಾ? ಶ್ರೀಮಂತನಿಲ್ಲದ ದೃಷ್ಟಾಂತ ಉಂಟೇ? ಬರುತ್ತಾನೆ, ಕಾಯಿರಿ. ಕಾಯುವುದು ನಮಗೇನು ಹೊಸದೇ?

ಇವಳು ಅವನ ಸೊಸೆ. ಊರಿನ ಕಾಲೇಜಿನ ಪ್ರಯೋಗಾಲಯದಲ್ಲಿ ದ್ರವಸ್ಫಟಿಕಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹೆಸರು ಕೇಳಿ ಹೆದರಬೇಡಿ. ನಿಮ್ಮ ಮಕ್ಕಳ ಕ್ಯಾಲ್ಕುಲೇಟರಿನಲ್ಲಿ ಕಪ್ಪು ಅಂಕಿ ಮೂಡುತ್ತದಲ್ಲ, ಆ ಗಾಜಿನೊಳಗೆ ಇರುವುದು ಇದೇ. ಮಂಜುಗಡ್ಡೆ ಕಾಯಿಸಿದರೆ ಒಂದೇ ಸಲಕ್ಕೆ ನೀರು. ಇದು ಹಾಗಲ್ಲ, ಎರಡು ಸಲ ಬದಲಾಗುತ್ತದೆ. ಮೊದಲು ಗಟ್ಟಿತನ ಹೋಗಿ ಮಜ್ಜಿಗೆಯಂತೆ ಮಬ್ಬಾಗುತ್ತದೆ. ಇನ್ನಷ್ಟು ಕಾಯಿಸಿದರೆ ಥಟ್ಟನೆ ತಿಳಿಯಾಗುತ್ತದೆ. ನೋಡಿ, ಆ ನಡುವಿನ ಮಬ್ಬಿನಲ್ಲಿ ಅದು ನೀರಿನ ಹಾಗೆಯೇ ಹರಿಯುತ್ತದೆ, ಯಾವ ಪಾತ್ರೆಗೆ ಹಾಕಿದರೆ ಆ ಆಕಾರ. ಆದರೆ ಅದರ ಕಣಗಳು ಕಡ್ಡಿಗಳಂತೆ, ಎಲ್ಲವೂ ಒಂದೇ ದಿಕ್ಕಿಗೆ ಮಲಗಿರುತ್ತವೆ. ಯಾವ ದಿಕ್ಕಿಗೆ? ಗಾಜನ್ನು ಉಜ್ಜಿದ ದಿಕ್ಕಿಗೆ. ಗಾಜಿಗೆ ತಾಗಿದ ಕಡ್ಡಿ ಹಾಗೆ ಮಲಗುತ್ತದೆ. ಅದನ್ನು ನೋಡಿ ಪಕ್ಕದ್ದು, ಅದನ್ನು ನೋಡಿ ಆಚೆಯದು.

ಈಗ ಶ್ರೀಮಂತ ಬರಲಿ. ಆ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷ. ಒಳ್ಳೆಯವನು. ನಗಬೇಡಿ, ನಿಜವಾಗಿಯೂ ಒಳ್ಳೆಯವನು. ಹೆಂಗಸರ ಮೇಲೆ ಕೈ ಎತ್ತಿದವನಲ್ಲ, ದನಿ ಎತ್ತಿದವನಲ್ಲ. ಬೇಕಾದ್ದನ್ನು ಬಾಯಿಬಿಟ್ಟು ಕೇಳಿದವನೂ ಅಲ್ಲ. ಪಡಸಾಲೆಯಲ್ಲಿ ಕುಳಿತು ಒಮ್ಮೆ ಕೆಮ್ಮುತ್ತಿದ್ದ. ಅಷ್ಟೇ. ಆ ಕೆಮ್ಮು ನೀರಿನದೋ, ಚಹಾದ್ದೋ, ಕನ್ನಡಕದ್ದೋ ಎಂದು ಒಳಗಿನವರಿಗೆ ಗೊತ್ತಾಗಬೇಕು. ಗೊತ್ತಾಗುತ್ತಿತ್ತು. ಅತ್ತೆಯನ್ನು ನೋಡಿ ಸೊಸೆ ಕಲಿತಿದ್ದಳು.

ಒಮ್ಮೆ ಅವಳು ತರಬೇತಿಗೆಂದು ಮೈಸೂರಿಗೆ ಹೋಗಿ ಕೆಲವು ತಿಂಗಳು ಇದ್ದು ಬಂದಳು. ಬೇರೆಯವರು ಮಾಡಿಕೊಟ್ಟ ಚಹಾವನ್ನು ಬಿಸಿಯಿರುವಾಗಲೇ ಕುಡಿದಳು. ಕುಡಿಯುತ್ತ ಕಿಟಕಿಯಾಚೆ ನೋಡಿದಳು. ತಿಳಿಯಾಗಿದ್ದಳು. ಮರಳಿ ಬಂದ ದಿನ, ಚಪ್ಪಲಿ ಬಿಡುವ ಮೊದಲೇ ಪಡಸಾಲೆಯಲ್ಲಿ ಕೆಮ್ಮು ಕೇಳಿತು. ಬ್ಯಾಗು ಹೆಗಲಲ್ಲಿದ್ದಂತೆಯೇ ನೀರಿನ ತಂಬಿಗೆ ಕೈಗೆ ಬಂದಿತ್ತು.

ಆಮೇಲೆ ಮೈಸೂರಿನ ಗುರುಗಳು ಫೋನು ಮಾಡಿದರು. "ಇಲ್ಲೇ ಕೆಲಸ ಖಾಲಿ ಇದೆ, ಬಂದುಬಿಡಮ್ಮ" ಎಂದರು.

"ಮನ್ಯಾಗ ಕೇಳಿ ಹೇಳ್ತೀನ್ರಿ ಸರ್" ಎಂದಳು.

ಕೇಳಲಿಲ್ಲ. ಏನು ಕೇಳುವುದು? ಗಂಡ ಅಪ್ಪನ ಮುಖ ನೋಡುತ್ತಾನೆ, ಅಪ್ಪ ಕೆಮ್ಮುತ್ತಾನೆ.

ಒಂದು ದಿನ ಶ್ರೀಮಂತ ಗೆಳೆಯರನ್ನೂ ಮೊಮ್ಮಗಳನ್ನೂ ಕರೆದುಕೊಂಡು ಪ್ರಯೋಗಾಲಯ ನೋಡಲು ಬಂದ. ತಾನೇ ದಾನ ಕೊಟ್ಟ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ.

"ಏನವಾ, ಬರೇ ಹಳದಿ ಕಾಣ್ತೈತಿ."

"ಈಗ ಕಾಯಿಸ್ತೀನ್ರಿ ಮಾವಾರ, ನೋಡ್ತಿರ್ರಿ."

ಕಾಯಿಸಿದಳು. ಹಳದಿ ಥಟ್ಟನೆ ಮಾಯವಾಯಿತು.

"ಕತ್ತಲಾತಲ್ಲ. ಕೆಡಿಸಿದೇನು?"

"ಇಲ್ರಿ. ಒಳಗಿನ ಕಡ್ಡಿ ದಿಕ್ಕ ಬಿಟ್ಟು ಚದುರ್ಯಾವ, ಅವು ಸಾಲಾಗಿ ಮಲಗಿದ್ರಷ್ಟ ಈ ಯಂತ್ರದಾಗ ಬೆಳಕ ಕಾಣ್ತೈತ್ರಿ. ತಣ್ಣಗಾದ್ರ ಮತ್ತ ಮೊದಲಿನಂಗ ಮಲಗ್ತಾವ."

"ಅದೇ ದಿಕ್ಕಿಗೆ?"

"ಅದೇ ದಿಕ್ಕಿಗೆ ರೀ. ಗಾಜು ಉಜ್ಜಿದ್ದು ಹೋಗಂಗಿಲ್ಲಲ್ರಿ."

ತಣ್ಣಗಾಯಿತು. ಹಳದಿ ಮರಳಿತು. ಶ್ರೀಮಂತ ಗೆಳೆಯರ ಕಡೆ ತಿರುಗಿದ. "ನೋಡ್ರಿ, ಎಷ್ಟ ಕಾಯ್ಸಿದ್ರೂ ಕಲ್ತದ್ದ ಮರೀಲಿಲ್ಲ. ನಮ್ಮ ಮನಿ ಹೆಣ್ಮಕ್ಕಳಂಗ."

"ನಿಮ್ಮ ಮನ್ಯಾಗ ಕಾಯ್ಸಾವ್ರು ಯಾರ್ರಿ ಸಾವ್ಕಾರ್ರ?" ಎಂದು ಒಬ್ಬ ಚುಡಾಯಿಸಿದ.

"ನಾ ಎಂದೂ ಒಂದ ಜೋರ ಮಾತಾಡಿಲ್ಲ ಮಾರಾಯಾ. ಬೇಕಾದ್ರ ಸೊಸಿನ್ನ ಕೇಳು."

ಎಲ್ಲರೂ ನಕ್ಕರು. ನಕ್ಕು ನಕ್ಕು ಶ್ರೀಮಂತನಿಗೆ ಕೆಮ್ಮು ಬಂತು. ಸೊಸೆ ಸ್ಟೂಲಿನಿಂದ ಅರ್ಧ ಎದ್ದಿದ್ದಳು. ಅಷ್ಟರಲ್ಲಿ ಅವಳ ಮಗಳು, ಇನ್ನೂ ಪ್ರಾಥಮಿಕ ಶಾಲೆಯ ಹುಡುಗಿ, ಅಮ್ಮನ ನೀರಿನ ಬಾಟಲಿ ಹಿಡಿದು ಅಜ್ಜನ ಮುಂದೆ ನಿಂತಾಗಿತ್ತು. ಮುಚ್ಚಳವನ್ನೂ ತೆಗೆದಿದ್ದಳು.

ಯಾರು ಹೇಳಿದ್ದರು ಆ ಹುಡುಗಿಗೆ? ಯಾರೂ ಹೇಳಿರಲಿಲ್ಲ.

"ಶಾಣ್ಯಾಕಿ ನಮ್ಮವ್ವ" ಎಂದು ಅಜ್ಜ ಅವಳ ತಲೆ ಸವರಿದ. ನೆತ್ತಿಯಿಂದ ಜಡೆಯ ತುದಿಯವರೆಗೆ, ಮೆಲ್ಲಗೆ, ಪ್ರೀತಿಯಿಂದ, ಮೇಲಿನಿಂದ ಕೆಳಕ್ಕೆ. ಕೈ ಎತ್ತಿ ಮತ್ತೆ ಮೇಲಿನಿಂದ ಕೆಳಕ್ಕೆ. ಸೊಸೆ ಆ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ತನ್ನ ಕೈ ನೋಡಿಕೊಂಡಳು. ಮಖಮಲ್ಲು ಇದ್ದದ್ದು ಅದರಲ್ಲಿ.

ಇನ್ನು ನಿಮ್ಮ ಮಾತು. ನಮ್ಮ ಮನೆಯಲ್ಲಿ ಯಾರೂ ಹೊಡೆಯುವುದಿಲ್ಲ, ಬಡಿಯುವುದಿಲ್ಲ ಎನ್ನುತ್ತೀರಿ. ಗಾಜನ್ನು ಹೊಡೆದು ದಿಕ್ಕು ಕೂರಿಸಲು ಬರುವುದಿಲ್ಲ, ತಾಯಿ. ಒಡೆದುಹೋಗುತ್ತದೆ. ಅದಕ್ಕೆ ಮೆತ್ತಗಿನ ಬಟ್ಟೆಯೇ ಬೇಕು. ದಿನಾ ಒಂದೇ ಕಡೆಗೆ ಎಳೆಯುವ ತಾಳ್ಮೆ ಬೇಕು. ಆ ತಾಳ್ಮೆ ಯಾರಲ್ಲಿದೆ? ಗಂಡಸರಲ್ಲೇ? ಮಗಳ ಕಣ್ಣೆದುರು ನೀವು ಕೆಮ್ಮಿಗೆ ಎದ್ದಿರಲ್ಲ, ಎದ್ದ ಒಂದೊಂದು ಸಲವೂ ಅವಳ ಮೇಲೆ ಒಂದು ಎಳೆತ.

ನೋಡಿ, ಈಗಷ್ಟೇ ಗಂಡಸರ ಸಾಲಿನಲ್ಲಿ ಯಾರೋ ಕೆಮ್ಮಿದರು. ಎಷ್ಟು ತಲೆಗಳು ತಿರುಗಿದವು. ನನ್ನದೂ ತಿರುಗಿತು.

ಆ ಸೊಸೆ ಏನು ಮಾಡಿದಳು? ಅವತ್ತು ಏನೂ ಮಾಡಲಿಲ್ಲ. ಬಂದವರನ್ನು ಬಾಗಿಲವರೆಗೆ ಕಳಿಸಿಕೊಟ್ಟಳು. ಉಜ್ಜಿದ ಗಾಜನ್ನು ಅದರ ಡಬ್ಬಿಯಲ್ಲಿಟ್ಟಳು. ಮೈಸೂರಿಗೆ ಹೋಗುವುದು, ಮಗಳನ್ನು ಕರೆದುಕೊಂಡೇ ಹೋಗುವುದು, ಮನೆಯಲ್ಲಿ ಕೇಳದೆ ಹೋಗುವುದು ಎಂದು ಡಬ್ಬಿ ಮುಚ್ಚುವಷ್ಟರಲ್ಲಿ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಳು. ಯಾರಿಗೂ ಹೇಳಲಿಲ್ಲ.

ನೀವು ಊರು ಬಿಡಿ ಎನ್ನುವುದಿಲ್ಲ. ಬಾಯಾರಿದವರಿಗೆ ನೀರು ಕೊಡಬೇಡಿ ಎಂದೂ ಅನ್ನುವುದಿಲ್ಲ. ಬಾಯಾರಿದವರು ಬಾಯಿಬಿಟ್ಟು ಕೇಳಲಿ. ಇವತ್ತು ಮನೆಗೆ ಹೋದ ಮೇಲೆ ಪಡಸಾಲೆಯಲ್ಲಿ ಕೆಮ್ಮು ಕೇಳುತ್ತದೆ. ಮಗಳು ಪಕ್ಕದಲ್ಲಿರುತ್ತಾಳೆ. ಕುಳಿತಲ್ಲೇ ಕುಳಿತಿರಿ. ಅವಳು ಏಳಹೋದರೆ ಅವಳ ಕೈ ಹಿಡಿದುಕೊಳ್ಳಿ. ಯಾಕೆಂದು ಯಾರಿಗೂ ಹೇಳಬೇಡಿ.

ಅವರು ಇನ್ನೊಮ್ಮೆ ಕೆಮ್ಮುತ್ತಾರೆ. ಕೆಮ್ಮಲಿ.