ಅತ್ತೆ ಹೂಂ ಅಂದ ಕಾರು

ಅದನ್ನೇ ಹೇಳ್ತಿದೀನಲ್ಲಣ್ಣ, ಕಾರಿನ ಹುಚ್ಚು ನಿನ್ನ ಮಗನದು, ನನ್ನದಲ್ಲ. ಒಳಗೆ ಬಂದು ಕೂತ್ಕೊಂಡು ಕೇಳು. ಬರಲ್ವಾ? ಸರಿ, ಅಲ್ಲೇ ಮೆಟ್ಟಿಲ ಮೇಲೆ ಕೂತ್ಕೋ. ತಂಗಿ ಮಲಗೋ ಕೋಣೆಗೆ ಅಣ್ಣ ಕಾಲಿಡಬಾರದು ಅಂತ ಅಜ್ಜಿ ಹೇಳ್ತಿದ್ದಿದ್ದು ನಿಜ, ಆದರೆ ಇದು ಅಡುಗೆಮನೆ. ಟೋಂಗಾ ದ್ವೀಪ ಬಿಟ್ಟು ಈ ದೇಶಕ್ಕೆ ಬಂದು ಇಪ್ಪತ್ತು ವರ್ಷ ಆಯ್ತು. ಇಡೀ ಮೌಂಟ್ ಡ್ರೂಯಿಟ್‌ನಲ್ಲಿ ಹೀಗೆ ತಂಗಿ ಮನೆ ಹೊಸಿಲ ಹೊರಗೆ ಕೂರೋನು ನೀನೊಬ್ಬನೇ.

ಮೆಲ್ಲಗೆ ಮಾತಾಡ್ತೀನಿ, ಪಾಪು ಈಗ ತಾನೇ ಮಲಗಿದೆ.

ಶನಿವಾರ ಕಾರಿನ ಸಾಲದ ಕಾಗದಕ್ಕೆ ಸಹಿ ಹಾಕಿದ್ದಾನೆ. ಇವತ್ತು ಸೋಮವಾರ. ಸಂಜೆ ಐದರೊಳಗೆ ಹೋಗಿ ಬೇಡ ಅಂತ ಬರೆದುಕೊಟ್ಟರೆ ಕಾಗದ ರದ್ದು, ಆಮೇಲೆ ಇಲ್ಲ. ಗೊತ್ತು ನನಗೆ. ಅದಕ್ಕೇ ನೀನು ಕೆಲಸದ ಬೂಟು ಕೂಡ ಬಿಚ್ಚದೆ ಇಲ್ಲಿಗೆ ಬಂದಿದ್ದೀಯ. ಆದರೆ ನನ್ನ ಹತ್ತಿರ ಯಾಕೆ? ಮಗನ ಹತ್ತಿರ ಹೋಗಬೇಕಿತ್ತು.

ಏನು ಹುಡುಗ ಅಂತೀನಿ! ಹತ್ತೊಂಬತ್ತು ವರ್ಷ, ನರ್ಸಿಂಗ್ ಎರಡನೇ ವರ್ಷ. ನಮ್ಮ ವಂಶದಲ್ಲಿ ಯೂನಿವರ್ಸಿಟಿ ಮೆಟ್ಟಿಲು ಹತ್ತಿದ ಮೊದಲನೆಯವನು. ನಾನು ಹತ್ತನೇ ಕ್ಲಾಸಿಗೇ ಸ್ಕೂಲಿಗೆ ದೊಡ್ಡ ನಮಸ್ಕಾರ ಹಾಕಿದೋಳು, ನೀನು ಅಷ್ಟೂ ಇಲ್ಲ. ಅಂಥ ಮನೆ ಹುಡುಗನಿಗೆ ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು. ಹಿಂದಿನ ಸೀಟಲ್ಲಿ ಕೋಳಿ ಕೂತರೂ ಕತ್ತು ಬಗ್ಗಿಸಬೇಕು. ನಮ್ಮ ಮೈಕಟ್ಟಿಗೆ ಮಾಡಿದ ಕಾರಾ ಅದು? ಅತ್ತಿಗೆ ಹತ್ತಿದರೆ ಬಾಗಿಲು ಹಾಕೋಕೆ ಇಬ್ಬರು ಬೇಕು. ನಗಬೇಡ, ಅವಳಿಗೆ ಹೇಳಲೂ ಬೇಡ... ನಗಲಿಲ್ವಾ? ನಕ್ಕೆ ಅಂದ್ಕೊಂಡೆ.

ವಾರಕ್ಕೆ ಮುನ್ನೂರು ಡಾಲರ್ ಕಂತು, ಏಳು ವರ್ಷ. ಆ ಕಾರಿನ ಸಾಲ ತೀರೋ ಹೊತ್ತಿಗೆ ನನ್ನ ಪಾಪು ಸ್ಕೂಲಿಗೆ ಹೋಗ್ತಿರುತ್ತೆ. ಇನ್ಶೂರೆನ್ಸ್ ಬೇರೆ. ಹತ್ತೊಂಬತ್ತರ ಹುಡುಗ ಓಡಿಸ್ತಾನೆ ಅಂದರೆ ಅವರು ಬಾಯಿಗೆ ಬಂದಷ್ಟು ಕೇಳ್ತಾರೆ. ಈಗ ಗೋದಾಮಿನಲ್ಲಿ ವಾರಕ್ಕೆ ಎರಡು ದಿನ ಪೆಟ್ಟಿಗೆ ಹೊರ್ತಾನೆ, ಇನ್ನು ಐದು ದಿನ ಹೊರಬೇಕು. ಕ್ಲಾಸಿಗೆ ಹೋಗೋದು ಯಾವಾಗ? ಆಸ್ಪತ್ರೆಯಲ್ಲಿ ಕಲಿಯೋದು ಯಾವಾಗ? ಈ ವರ್ಷಕ್ಕೆ ಓದು ನಿಲ್ಲಿಸ್ತೀನಿ ಅಂತಿದ್ದಾನಂತೆ. ಈ ವರ್ಷಕ್ಕೆ ನಿಲ್ಲಿಸ್ತೀನಿ ಅಂದೋರು ಯಾರು ತಿರುಗಿ ಹೋಗಿದ್ದಾರಣ್ಣ? ನಾನೂ ಹಾಗೇ ಅಂದಿದ್ದೆ.

ನಿನಗೂ ಹೇಳಿದ್ನಾ? ತಲೆ ತಗ್ಗಿಸಿದೆ ಅಂದರೆ ಹೇಳಿದ್ದಾನೆ.

ನೋಡು, ನೀನು ಕೇಳಲ್ಲ, ಆದರೆ ನಿನ್ನ ಮನಸ್ಸಲ್ಲಿ ಏನಿದೆ ಅಂತ ನನಗೆ ಗೊತ್ತು. ಈ ಹುಡುಗ ನನ್ನನ್ನ ಕೇಳದೆ ಒಂದು ಚಪ್ಪಲಿ ಕೂಡ ಕೊಳ್ಳಲ್ಲ. ಅಪ್ಪನ ಮಾತಿಗಿಂತ ಅತ್ತೆ ಮಾತು ಮೇಲೆ, ನಮ್ಮಲ್ಲಿ ಇರೋದೇ ಹಾಗೆ. ನಾನು ನಿನಗಿಂತ ಹದಿಮೂರು ವರ್ಷ ಚಿಕ್ಕೋಳು. ನನ್ನ ಮೂಗು ಒರೆಸಿ, ಜಡೆ ಹಾಕಿ ಬೆಳೆಸಿದೋನು ನೀನು. ಆದರೂ ಮದುವೆ ಇರಲಿ, ಮಣ್ಣು ಇರಲಿ, ಮೇಲಿನ ಚಾಪೆ ನನಗೆ, ಹಂದಿಯ ಒಳ್ಳೇ ತುಂಡು ನನಗೆ. ನಿನ್ನ ಮಗ ಕೆಲೆಪಿ ಹುಟ್ಟಿದಾಗ ನನಗೆ ಹತ್ತು ವರ್ಷ, ಅವನಿಗೆ ಹೆಸರಿಟ್ಟೋಳು ನಾನು. ಹತ್ತು ವರ್ಷದ ಹುಡುಗಿ ಇಟ್ಟ ಹೆಸರನ್ನ ನೀನು ತಲೆಬಾಗಿ ಒಪ್ಪಿಕೊಂಡೆ.

ಅದಕ್ಕೇ ಹೇಳ್ತಿದೀನಿ. ಬಂದ, ನನ್ನನ್ನ ಕೇಳಿದ, ನಾನು ಬೇಡ ಅಂದೆ. ಓದು ಮುಗೀಲಿ, ಕೆಲಸ ಸಿಗಲಿ, ಆಮೇಲೆ ವಿಮಾನ ಬೇಕಾದರೂ ತಗೋ ಅಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಊರಿಗೆಲ್ಲ ಬುದ್ಧಿ ಹೇಳೋಳು ನಾನು, ನಾನು ಹೂಂ ಅಂತೀನಾ?

ಯಾಕೆ ಹಾಗೆ ನೆಲ ನೋಡ್ತೀಯ?

ಸರಿ... ಬೇಡ ಅಂತ ಅನ್ನಲಿಲ್ಲ. ನೋಡೋಣ ಅಂದೆ. ನೋಡೋಣ ಅಂದರೆ ಹೂಂ ಅಂತ ಅರ್ಥ ಅಲ್ಲವಲ್ಲ. ಆಮೇಲೆ ಅವನಾಗೇ ಹೈವೇ ಮೇಲಿನ ಕಾರಿನ ಅಂಗಡಿಗೆ ಹೋದ. ಹೌದು, ನಾನೂ ಹೋಗಿದ್ದೆ. ಯಾರು ಹೇಳಿದರು ನಿನಗೆ? ಪಾಪು ಬೆಳಗಿನಿಂದ ರಚ್ಚೆ ಹಿಡಿದಿತ್ತು, ಸ್ವಲ್ಪ ಗಾಳಿಗೆ ಅಂತ ಎತ್ಕೊಂಡು ಹೋದೆ. ಕಾರಿನ ಅಂಗಡಿಯಲ್ಲಿ ಎಂಥ ಗಾಳಿ ಅಂತ ಕೇಳಬೇಡ.

ಕೇಳಲಿಲ್ಲ. ನೀನು ಏನೂ ಕೇಳ್ತಿಲ್ಲ.

ಒಂದು ಮಾತಾದರೂ ಆಡಣ್ಣ. ನನ್ನ ಗಂಡ ಆಗಿದ್ದರೆ ಇಷ್ಟು ಹೊತ್ತಿಗೆ ಎರಡು ಬಾಗಿಲು ಧಡಾರ್ ಅನ್ನಿಸಿ, ಲೇ ಫುಸಿ, ನಿನ್ನ ನಾಲಿಗೆಗೆ ಬೆಂಕಿ ಹಾಕ ಅಂತ ನನ್ನನ್ನ ಬೈದು, ಊಟಕ್ಕೂ ಕೂತಿರ್ತಿದ್ದ. ಅವನ ಜೊತೆ ಜಗಳ ಸುಲಭ. ನೀನು ಹೀಗೆ ಕೂತರೆ ನನಗೆ ನನ್ನ ಮಾತೇ ಕೇಳಿಸುತ್ತೆ.

ಆ ಅಂಗಡಿಯಲ್ಲಿ ಹಿಂದಿನ ಮೂಲೇಲಿ ಒಂದು ಬಿಳಿ ಕಾರಿತ್ತು. ಹಳೇದು, ಬಾಗಿಲ ಹತ್ತಿರ ಸ್ವಲ್ಪ ತಗ್ಗಾಗಿತ್ತು. ಐದು ಸಾವಿರ. ನಾಲ್ಕೂವರೆ ಕೂಡಿಟ್ಟಿದ್ದ ಅವನು. ಅದನ್ನ ಸುತ್ತು ಹಾಕಿ ನೋಡಿದ, ಬಗ್ಗಿ ಚಕ್ರ ನೋಡಿದ. ಅತ್ತೆ, ಆಸ್ಪತ್ರೆಗೆ ಹೋಗಿ ಬರೋಕೆ ಇದು ಸಾಕು ಅಲ್ವಾ ಅಂದ.

ಸಾಕು ಅಂತ ನನ್ನ ಬಾಯಿಂದ ಬಂದಿದ್ದರೆ ಅಲ್ಲಿಗೇ ಮುಗೀತಿತ್ತು.

ಅದು ಮುದುಕಿಯರು ಮಾರ್ಕೆಟ್‌ಗೆ ಹೋಗೋ ಕಾರು ಅಂದೆ ನಾನು. ಕೆಂಪನ್ನ ತೋರಿಸಿದ್ದು ನಾನು. ಇದರಲ್ಲಿ ನೀನು ಬಂದಿಳಿದರೆ ಚರ್ಚಿನ ಮುಂದೆ ನಮ್ಮ ಮನೆ ಮಾನ ಎಷ್ಟು ಎತ್ತರಕ್ಕೆ ಹೋಗುತ್ತೆ ನೋಡು ಅಂದೆ. ಅವನು ಕಂತಿನ ಲೆಕ್ಕ ಕೇಳಿದ. ಅಂಗಡಿಯವನು ಹೇಳಿದ. ಹುಡುಗನ ಮುಖ ಇಳಿದುಹೋಯ್ತು. ನನ್ನ ಕಡೆ ತಿರುಗಿ, ನೀವು ಹೇಳಿದ ಹಾಗೆ ಅತ್ತೆ, ಅಂದ. ಅಷ್ಟೇ.

ಅವನಿಗೆ ಹುಚ್ಚಿರಲಿಲ್ಲ ಅಣ್ಣ. ನಾನು ಇಷ್ಟು ಹೊತ್ತು ಹೇಳಿದ್ದು ಸುಳ್ಳು.

ಯಾಕೆ ಅಂತ ಈಗಲೂ ಕೇಳಲ್ವಾ? ಹೋದ ವರ್ಷ ನಾವು ವ್ಯಾನ್ ಕೊಂಡಾಗಲೇ ಆ ಅಂಗಡಿಯವನು ನನಗೆ ಹೇಳಿದ್ದ. ನಿಮ್ಮ ಜನರನ್ನ ಕರಕೊಂಡು ಬಾ, ಸಾಲದ ಮೇಲೆ ದುಬಾರಿ ಕಾರು ಹೋದರೆ ಸಾವಿರದ ಇನ್ನೂರು ನಿನ್ನ ಕೈಗೆ ಅಂತ. ಬಿಳಿ ಕಾರಿಗೆ ಏನೂ ಇಲ್ಲ. ಶನಿವಾರ ಲಕೋಟೆಯಲ್ಲಿ ಹಾಕಿ ಕೊಟ್ಟ. ನಾನು ಪಾಪು ಬಟ್ಟೆ ಚೀಲದೊಳಗೆ ತುರುಕಿದೆ, ಕೆಲೆಪಿ ಆ ಕಡೆ ತಿರುಗಿದ್ದ ಅಂದ್ಕೊಂಡೆ.

ಹೊಟ್ಟೆಗಿಲ್ಲದೆ ಮಾಡಿದ್ದರೆ ಹೇಳೋಕಾದರೂ ಒಂದು ಮುಖ ಇರ್ತಿತ್ತು. ನಿನ್ನೆ ಚರ್ಚಲ್ಲಿ ವರ್ಷದ ಕಾಣಿಕೆ ದಿನ ಅಲ್ವಾ. ಹೋದ ವರ್ಷ ನಾನು ಕೊಟ್ಟಿದ್ದು ನೂರೈವತ್ತು. ಎಲ್ಲರ ಮುಂದೆ ಹೆಸರು ಓದಿ, ಮೊತ್ತ ಓದಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಒಂದು ವರ್ಷ ಆ ಕೆಮ್ಮು ನನ್ನ ಕಿವಿಯಲ್ಲಿತ್ತು. ನಿನ್ನೆ ಸಾವಿರದ ಇನ್ನೂರು ಅಂತ ಓದಿದರು. ಹೆಂಗಸರು ಎದ್ದು ಕುಣಿದರು. ಎಲ್ಲರಿಗಿಂತ ಮೊದಲು ಎದ್ದು ನಿಂತೋನು ನೀನು. ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿದೆ. ನಿನ್ನ ಕಣ್ಣಲ್ಲಿ ನೀರಿತ್ತು. ನನ್ನ ತಂಗಿ ಅಂತ ಹೆಮ್ಮೆ ಅಂದ್ಕೊಂಡು ನಾನು ಎದೆಯುಬ್ಬಿಸಿ ಕೂತಿದ್ದೆ.

ಇಲ್ಲಿ ನೋಡು. ನನ್ನ ಮುಖ ನೋಡು.

ನಿನಗೆ ಆಶ್ಚರ್ಯವೇ ಆಗಲಿಲ್ಲ. ಲಕೋಟೆ ಅಂದೆ, ಸಾವಿರದ ಇನ್ನೂರು ಅಂದೆ, ನೀನು ಕಣ್ಣು ಕೂಡ ಮಿಟುಕಿಸಲಿಲ್ಲ. ಗೊತ್ತಿತ್ತು. ಯಾವಾಗಿಂದ? ಇವತ್ತು ಬೆಳಿಗ್ಗೆ? ನಿನ್ನೆ ರಾತ್ರಿ?

ಶನಿವಾರವೇ...

ಹಾಗಾದರೆ ಅವನು ನೋಡಿದ್ದಾನೆ. ಲಕೋಟೆ ನೋಡಿದ ಮೇಲೂ ಬಾಯಿ ಬಿಡದೆ ವಾಪಸ್ ಬರ್ತಾ ನನ್ನ ಪಾಪುನ ಹೆಗಲ ಮೇಲೆ ಹಾಕ್ಕೊಂಡು ಬಂದ. ಮನೆಗೆ ಬಂದು ಅಪ್ಪನಿಗೆ ಹೇಳಿದ. ಅಪ್ಪ ಮಾರನೇ ದಿನ ಎಲ್ಲ ಗೊತ್ತಿದ್ದೂ ಎದ್ದು ನಿಂತು ಚಪ್ಪಾಳೆ ತಟ್ಟಿದ. ನನ್ನ ಹೆಸರು ಓದಿದಾಗ ಈ ಸಲ ಯಾರೂ ಕೆಮ್ಮಬಾರದು ಅಂತ.

ಅಣ್ಣ, ಒಂದು ಸಲ ಬೈದುಬಿಡು. ಕಪಾಳಕ್ಕೆ ಹೊಡಿ. ಯಾರೂ ನೋಡ್ತಿಲ್ಲ.

ಬೈಯಲ್ಲ. ತಂಗಿಗೆ ಎದುರಾಡಲ್ಲ ನೀನು. ಕಾರು ವಾಪಸ್ ಕೊಡಿಸು ಅಂತ ಕೂಡ ಬಾಯಿಬಿಟ್ಟು ಕೇಳಲ್ಲ. ನೀನು ಬೇಡ ಅಂದರೆ ಕೆಲೆಪಿ ಕೇಳಲ್ಲ, ಅತ್ತೆ ಹೂಂ ಅಂದಿದ್ದನ್ನ ಅತ್ತೆಯೇ ಬೇಡ ಅನ್ನಬೇಕು. ಅದಕ್ಕೇ ಬಂದು ಈ ಮೆಟ್ಟಿಲ ಮೇಲೆ ಕೂತಿದ್ದೀಯ, ನಾನಾಗೇ ಅನ್ನಲಿ ಅಂತ.

ಮೂರೂವರೆ. ಅವನು ಕ್ಲಾಸಲ್ಲಿರ್ತಾನಾ ಈಗ? ಫೋನ್ ಎತ್ತಿದರೆ ಅಂಗಡಿ ಹತ್ತಿರ ಬಾ ಅಂತೀನಿ. ಲಕೋಟೆ ದುಡ್ಡು ಎಲ್ಲಿ ಅಂತ ಆ ಅಂಗಡಿಯವನು ಹುಡುಗನ ಮುಂದೆಯೇ ಕೇಳ್ತಾನೆ. ಕೇಳಲಿ. ಹುಡುಗನ ಮುಂದೆಯೇ ಹೇಳ್ತೀನಿ.

ರಿಂಗ್ ಆಗ್ತಿದೆ...

ನೀನು ಹೋಗಬೇಡ. ಅಲ್ಲೇ ಕೂತಿರು. ಕೆಲೆಪಿ? ಹೂಂ, ಅತ್ತೆ ಮಾತಾಡ್ತಿರೋದು. ಇಲ್ಲಪ್ಪ, ಪಾಪು ಚೆನ್ನಾಗಿದೆ... ಏನು ಮಾಡ್ತಿದ್ದೀಯ ಕಂದ, ಕ್ಲಾಸಲ್ಲಿ ಇದ್ದೀಯಾ?