ಊಟಕ್ಕೆ ಕರೆದವರು, ಎತ್ತಿಕೊಂಡು ಹೋದವರು

ನಾನು ಶ್ರೀಮತಿ ಪೂನಮ್ ಕೋಂ ವೃಷಭ ಮಗದುಮ್, ವಯಸ್ಸು 25 ವರ್ಷ, ಉದ್ಯೋಗ ಫಿಸಿಯೋಥೆರಪಿಸ್ಟ್, ತವರು ಬೆಳಗಾವಿಯ ಸದಾಶಿವನಗರ, ಮೂರು ವಾರದ ಹಿಂದೆ ಮದುವೆಯಾಗಿ ಸದ್ಯ ವಾಸ ಖಾನಾಪುರ. ನನ್ನ ಗಂಡನನ್ನು ಅಪಹರಿಸಿದ್ದಾರೆಂದು ಇಂದು ಬೆಳಿಗ್ಗೆ ಇದೇ ಠಾಣೆಯಲ್ಲಿ ದೂರು ಕೊಟ್ಟವಳು, ಈಗ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಬರೆಸುವುದೇನೆಂದರೆ:

ನನ್ನ ಗಂಡ ಖಾನಾಪುರ ಪಟ್ಟಣ ಪಂಚಾಯಿತಿಯ ಸದಸ್ಯರು. ನಾಳೆ ಅಧ್ಯಕ್ಷರ ಚುನಾವಣೆ. ಅವರ ಪಕ್ಷಕ್ಕೆ ಒಂದೇ ಮತ ಹೆಚ್ಚಿದೆ. ಎದುರು ಪಕ್ಷದ ಮುಖಂಡರಾದ ರಾಯಪ್ಪನವರು ಹಿಂದೆ ಪ್ರಚಾರದಲ್ಲಿ ನನ್ನ ಗಂಡನನ್ನು ಮೈಕಿನಲ್ಲಿ ಹಾಲುಗಲ್ಲದ ಹುಡುಗ ಎಂದು ಹೀಯಾಳಿಸಿದ್ದರಂತೆ. ಅದೇ ರಾಯಪ್ಪನವರು ನಿನ್ನೆ ಮನೆಗೆ ಬಂದು, ಹೊಸಾ ಜೋಡಿ ನಮ್ಮ ಮನ್ಯಾಗ ಉಣ್ಣದಿದ್ರ ಹೆಂಗ, ಹೊತ್ತು ಮುಳುಗೂದ್ರಾಗ ಎಲಿ ಹಾಕಸ್ತೀನಿ, ಬರ್ರಿ ಎಂದು ಕರೆದರು. ಜೈನರಾದ ನಾವು ಸೂರ್ಯಾಸ್ತದ ನಂತರ ಉಣ್ಣುವುದಿಲ್ಲವೆಂಬುದನ್ನು ಅವರು ನೆನಪಿಟ್ಟದ್ದು ನನಗೆ ಬಹಳ ಹಿಡಿಸಿತು. ಹೊಸದಾಗಿ ಮದುವೆಯಾದವರು ಊಟದ ಕರೆಗೆ ಇಲ್ಲ ಎನ್ನುವ ಪದ್ಧತಿಯೂ ನಮ್ಮಲ್ಲಿಲ್ಲ.

ಸಂಜೆ 5.15ಕ್ಕೆ ಹೋದೆವು. ಊಟವಾದ ಮೇಲೆ ಉಡುಗೊರೆಯೆಂದು ನನಗೆ ಸೀರೆ ಕೊಟ್ಟು, ನನ್ನ ಗಂಡನಿಗೆ ಶಾಲು ಹೊದಿಸಿದರು. ಶಾಲು ನನ್ನ ಸೀರೆಗೆ ಎಷ್ಟು ಚೆಂದ ಹೊಂದಿತ್ತೆಂದರೆ, ನಾನೇ ಫೋಟೋ ತೆಗೆದು ಸಾಲು ಹೃದಯಗಳ ಸಮೇತ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಅದು ರಾಯಪ್ಪನವರ ಪಕ್ಷದ ಬಣ್ಣವೆಂದು ನನಗೆ ಗೊತ್ತಿರಲಿಲ್ಲ. ನನ್ನ ಗಂಡನಿಗೆ ಗೊತ್ತಿತ್ತು. ಉಂಡ ಮನೆಯಲ್ಲಿ ಹೊದಿಸಿದ್ದನ್ನು ತೆಗೆಯಬಾರದೆಂದು ಸುಮ್ಮನಿದ್ದರಂತೆ.

ಇಂದು ಬೆಳಿಗ್ಗೆ ಕಾರಿನಲ್ಲಿ ನನ್ನ ತವರಿಗೆ ಹೊರಟೆವು. 9.40ರ ಸುಮಾರಿಗೆ, ಬೆಳಗಾವಿಗೆ ಮೊದಲು ಸಿಗುವ ಮಚ್ಛೆ ಊರಿನಲ್ಲಿ ಟೈರಿಗೆ ಗಾಳಿ ಹಾಕಿಸಲು ನನ್ನ ಗಂಡ ಇಳಿದರು. ನನ್ನಿಂದ ಇಪ್ಪತ್ತು ಅಡಿ ದೂರದಲ್ಲಿ ಒಂದು ಬಿಳಿ ಕಾರು ನಿಂತಿತು. ಇಬ್ಬರು ಇಳಿದು ಅವರ ಹೆಗಲಿಗೆ ಕೈ ಹಾಕಿ, ಬರ್ರಿ ಸದಸ್ಯರ, ಚಾ ಕುಡಿಯೂಣು ಎನ್ನುತ್ತ ಒಳಗೆ ತಳ್ಳಿಕೊಂಡು ಹೋದರು. ಅವರ ಎಡಗಾಲಿನ ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಫೋನು ಸ್ವಿಚ್ ಆಫ್ ಆಗಿತ್ತು. ನಾನು ಆ ಚಪ್ಪಲಿ ಹಿಡಿದುಕೊಂಡೇ ಠಾಣೆಗೆ ಬಂದು ರಾಯಪ್ಪನವರ ಹೆಸರು ಬರೆಸಿದೆ.

12.30ಕ್ಕೆ ಪೊಲೀಸರು ಕರೆಸಿದ್ದರಿಂದ ರಾಯಪ್ಪನವರು ಬಂದರು. ನಾ ಊಟಕ್ಕ ಕರದೀನ್ರಿ ಸಾಹೇಬ್ರ, ಹೊತಗೊಂಡು ಹೋಗಿಲ್ಲ. ಹುಡುಗನ್ನ ನಮ್ಮ ಕಡೆ ಎಳಕೊಳ್ಳಾಕ ನೋಡಿದ್ದು ಖರೇ, ಆದ್ರ ಬಾಯಿಲೇ ಎಂದು ಹೇಳಿದರು. ನಾನು ನಂಬಲಿಲ್ಲ. ನನ್ನೆದುರು ಇಟ್ಟ ಚಹಾ ಹಾಗೇ ಆರಿತು.

3.50ಕ್ಕೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ನನ್ನ ಗಂಡನ ದನಿ! ತಾನು ಬೆಳಗಾವಿಯ ಕ್ಯಾಂಪ್ ಬಡಾವಣೆಯ ಒಂದು ಬಂಗಲೆಯಲ್ಲಿರುವುದಾಗಿಯೂ, ಕರೆತಂದವರು ತಮ್ಮದೇ ಪಕ್ಷದ ತಾಲೂಕು ಅಧ್ಯಕ್ಷ ಭೂಪಾಲ ಅವರ ಕಡೆಯವರೆಂದೂ ತಿಳಿಸಿದರು. ಊಟ ತಂದ ಭೂಪಾಲರ ಹೆಂಡತಿ ನೀಲಾ ಅವರೇ ತಮ್ಮ ಫೋನು ಕೊಟ್ಟಿದ್ದರು.

ಪೊಲೀಸರ ಜೊತೆ ಅಲ್ಲಿಗೆ ಹೋದಾಗ ನೀಲಾ ಅವರು ತಮ್ಮ ಗಂಡನಿಗೆ, ಹೊಸಾ ಮದುಮಗನ್ನ ಹಿಂಗ ಕೂಡಿ ಹಾಕ್ತಾರೇನ್ರಿ, ಆ ಹುಡುಗಿ ಎಷ್ಟ ಅತ್ತಿರಬೇಕು ಎಂದು ಬೈಯುತ್ತಿದ್ದರು. ಭೂಪಾಲರು ನನಗೆ, ತಂಗೀ, ನಿನ್ನ ಸ್ಟೇಟಸ್ ನೋಡಿ ನನಗ ನಿದ್ದಿ ಹತ್ತಲಿಲ್ಲ, ನಾಳಿ ತನಕಾ ಜ್ವಾಪಾನ ಇಡೂಣು ಅಂತ ತಂದೀವಿ ಎಂದರು. ನನ್ನ ಗಂಡ ಒಂದೇ ಚಪ್ಪಲಿಯಲ್ಲಿ ಎದ್ದು ಬಂದರು. ಇನ್ನೊಂದನ್ನು ನಾನು ಕೆಳಗಿಟ್ಟೆ. ಆಮೇಲೆ ಅತ್ತೆ.

ಭೂಪಾಲರನ್ನೂ ಕರೆದುಕೊಂಡು ಠಾಣೆಗೆ ಮರಳಿದಾಗ, ಅಲ್ಲೇ ಇದ್ದ ರಾಯಪ್ಪನವರು ನಕ್ಕು, ಭೂಪಾಲಣ್ಣಾ, ನಿಮ್ಮ ಮನಿ ಸಾಮಾನ ನೀವ ಕಳವು ಮಾಡೀರಲ್ಲಾ ಎಂದರು. ಭೂಪಾಲರು, ನೀ ಶಾಲು ಹಾಕದಿದ್ರ ನಾ ಯಾಕ ಕಾರ್ ಕಳಸ್ತಿದ್ದೆ ಎಂದರು. ನಂತರ ಇಬ್ಬರೂ ಸೇರಿ ನನ್ನ ಗಂಡನಿಗೆ, ನೀ ಯಾರ ಕಡೆ ಹೊಂಟಿ ಎಂದು ಕೇಳಿದರು. ನಾ ಎಲ್ಲೂ ಹೊಂಟಿಲ್ರಿ, ನೀವ ಒಯ್ಯಾಕತ್ತೀರಿ ಎಂದು ನನ್ನ ಗಂಡ ಹೇಳಿದರು.

ಅವರಿಗೆ ಯಾವ ಗಾಯವೂ ಇಲ್ಲ. ಎರಡು ಸಲ ನೋಡಿದ್ದೇನೆ. ನನಗೆ ಯಾರ ಮೇಲೂ ಕ್ರಮ ಬೇಡ. ರಾಯಪ್ಪನವರ ಹೆಸರು ತೆಗೆಯಬೇಕು. ನಾಳೆ 11 ಗಂಟೆಗೆ ಮತದಾನ. ಮತ ಯಾರಿಗೆಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಸಭಾಂಗಣದ ಬಾಗಿಲವರೆಗೆ ನಾನೇ ಅವರ ಕೈ ಹಿಡಿದು ಕರೆದೊಯ್ಯುತ್ತೇನೆ. ಅಲ್ಲಿಯವರೆಗೆ ಆ ಕೈಯನ್ನು ಯಾವ ಪಕ್ಷದವರೂ ಬಿಡಿಸದಂತೆ ನೋಡಿಕೊಳ್ಳಬೇಕೆಂದು ಕೋರುತ್ತೇನೆ.

ಇಷ್ಟೂ ನಾನು ಕಂಡದ್ದು, ಕೇಳಿದ್ದು. ಓದಿ ಹೇಳಿದ್ದನ್ನು ಕೇಳಿ, ನಿಜವೆಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಬೆಳಗಾವಿ
ದಿನಾಂಕ: 12-02-2025

(ಸಹಿ)
ಪೂನಮ್ ವೃಷಭ ಮಗದುಮ್