ಕೆಟ್ಟುಹೋದ ಮಾನಿಟರ್

ಕಂಪ್ಯೂಟರ್ ಅಂಗಡಿಯ ಬೆಂಚಿನ ಮೇಲೆ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ ಕೂತಿದ್ದರು. ಆತ ಹೊಸ ಮಾನಿಟರಿನ ಡಬ್ಬವನ್ನು ಮಲಗಿದ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ.

“ನಿನ್ನೆ ಇದೇ ಅಂಗಡಿಯಿಂದ ಇಷ್ಟು ದೊಡ್ಡದು ತಂದ್ರಲ್ಲ, ಜೋಡಿಸೋಕೆ ಬರಲ್ವಾ?”

“ಬರುತ್ತೆ ಕಣೇ. ನಮ್ಮ ಕಂಪ್ಯೂಟರ್ ಹಳೇದು. ಅದರ ಬೆನ್ನಲ್ಲಿರೋ ಕಿಂಡಿ ಅಗಲ, ಇದರ ವೈರಿನ ಮೂತಿ ಚಪ್ಪಟೆ. ನಡುವೆ ಒಂದು ಕನ್ವರ್ಟರ್ ಹಾಕಿದ್ರೆ ಆಯ್ತು.”

“ಅದನ್ನೂ ಕೊಂಡ್ಕೋಬೇಕಾ? ನನ್ನ ಹೊಲಿಗೆ ಮೆಷಿನ್ ಮಾತ್ರ ಮುಂದಿನ ವರ್ಷ.”

“ಹಳೇ ಮಾನಿಟರ್ ಕೆಟ್ಟು ಕೂತ್ರೆ ನಾನೇನ್ ಮಾಡ್ಲಿ? ಪೂರ್ತಿ ಕತ್ತಲೆ. ನೀನೇ ನೋಡಿದ್ಯಲ್ಲ?”

“ನಾನೆಲ್ಲಿ ನೋಡ್ದೆ? ನೀವು ಹೇಳಿದ್ರಿ, ನಾನು ನಂಬ್ದೆ.”

ಆತ ಡಬ್ಬದ ಮೇಲೆ ಕಿತ್ತುಬಂದಿದ್ದ ಟೇಪನ್ನು ಉಗುರಿನಿಂದ ಒತ್ತಿದ.

“ಕನ್ವರ್ಟರ್ ಬೇಕು ಅಂತ ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಬೆಳಿಗ್ಗೆ ನಾನೇ ವಿಡಿಯೋ ನೋಡಿ ಕಲಿತೆ. ಒಂದೊಂದು ಪಿನ್ನೂ ಎಣಿಸೋ ಹಾಗೆ ಕಾಣ್ತಿತ್ತು, ಅಷ್ಟು ಸ್ಪಷ್ಟ!”

“ನಿಮ್ಮ ಫೋನ್ ರಿಪೇರಿಗೆ ಕೊಟ್ಟು ವಾರ ಆಯ್ತಲ್ರೀ. ಎಲ್ಲಿ ನೋಡಿದ್ರಿ?”

“ಕಂಪ್ಯೂಟರಲ್ಲಿ.”

ಆಕೆ ಆತನ ತೊಡೆಯ ಮೇಲಿದ್ದ ಡಬ್ಬದ ಕಡೆ ನೋಡಿದಳು.

“ಹೊಸದು ಇನ್ನೂ ಡಬ್ಬದಲ್ಲೇ ಇದೆ,” ಎಂದಳು ಆಕೆ, ಮೆಲ್ಲಗೆ.

ಅಷ್ಟರಲ್ಲಿ ಕೌಂಟರಿನವನು ಕರೆದ. “ಬನ್ನಿ ಸರ್, ಕನ್ವರ್ಟರ್ ಬೇಕಿತ್ತಾ?”

ಆತ ಎದ್ದ. ಡಬ್ಬ ಆಗಲೇ ಹೆಂಡತಿಯ ಕೈಗೆ ಹೋಗಿತ್ತು.

“ಬೇಡಪ್ಪ, ಇದನ್ನೇ ವಾಪಸ್ ತಗೊಳ್ಳಿ,” ಎನ್ನುತ್ತ ಆಕೆ ಮುಂದೆ ನಡೆದಳು. “ನಮ್ಮ ಹಳೇದು ಹುಷಾರಾಗ್ಬಿಟ್ಟಿದೆ.”